ಹಿಂದಿನ ಸೀಟಿನ ಎಳನೀರು

ಕಾರಿನ ಯಾವ ಭಾಗವನ್ನು ಬಿಚ್ಚಿದರೂ ಅವರು ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಕಣ್ಣಿನಿಂದ ನೋಡುವುದು ಆಮೇಲೆ. ತಿಪಟೂರಿನ ಕೊಬ್ಬರಿ ವ್ಯಾಪಾರಿಗೆ ಅದು ಹುಟ್ಟುಗುಣ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಬತ್ತಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾದ ಮೇಲೆ ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಆ ಸದ್ದಿನಿಂದಲೇ ಒಳಗಿರುವುದು ಒಳ್ಳೆಯ ಕೊಬ್ಬರಿಯೋ, ಕೊಳೆತದ್ದೋ, ಇನ್ನೊಂದು ತಿಂಗಳು ಕಾಯಬೇಕೋ ಎಂದು ಅವರು ಹೇಳಬಲ್ಲವರಾಗಿದ್ದರು. ಅದೇ ಕಿವಿಯನ್ನು ಕಾರಿನ ಬ್ರೇಕಿಗೂ ಶಾಕ್ ಅಬ್ಸಾರ್ಬರಿಗೂ ಕೊಟ್ಟಿದ್ದರು.

ಅವರು ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಹೋದ ತಿಂಗಳು, ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಪಕ್ಕದಲ್ಲಿ ಕೂತಿದ್ದ ತಿಪಟೂರಿನವರೊಬ್ಬರು ಮಾತಿಗೆ ಮಾತು ಬಂದು ಹೇಳಿದರು. ಹೆಂಡತಿ ಹೋದ ಮೇಲೆ ಆರೇಳು ವರ್ಷ ಒಬ್ಬರೇ ಗಟ್ಟಿಯಾಗಿಯೇ ಇದ್ದರಂತೆ. ತುಂಬು ವಯಸ್ಸು, ಅಳುವಂಥ ಸಾವಲ್ಲ ಬಿಡಿ ಎಂದರು. ಪಾಯಸ ಬಡಿಸುವವನು ಬಂದು ನಿಂತಿದ್ದ. ಹಾಕಿಸಿಕೊಂಡೆ, ತಿನ್ನಲು ಆಗಲಿಲ್ಲ. ಅಳುವಂಥ ಸಾವು ಯಾವುದು, ಅಲ್ಲದ್ದು ಯಾವುದು ಎಂದು ತೀರ್ಮಾನಿಸುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ನಾನು ತಿಪಟೂರಿನ ಹೈಸ್ಕೂಲೊಂದಕ್ಕೆ ವಿಜ್ಞಾನದ ಮೇಷ್ಟ್ರಾಗಿ ಹೋದೆ. ಮದುವೆಯಾಗಿರಲಿಲ್ಲ. ಬಾಡಿಗೆಗೆ ಕೋಣೆ ಕೇಳಿಕೊಂಡು ಅವರ ಮನೆಗೆ ಹೋದಾಗ ಜಗಲಿಯ ಮೇಲೆ ಕೂತಿದ್ದರು. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಸ್ಕ್ರೂಡ್ರೈವರ್.

"ಅಡುಗೆ ಮಾಡ್ಕಳಾಕೆ ಬತ್ತದಾ ಮೇಷ್ಟ್ರೇ?" ಎಂದರು.

"ಅನ್ನ ಸಾರು ಬರುತ್ತೆ" ಎಂದೆ.

"ಇಂಗ್ಲಿಷು?"

ಕೋಣೆಗೂ ಇಂಗ್ಲಿಷಿಗೂ ಏನು ನಂಟೆಂದು ತಿಳಿಯದೆ, ಬರುತ್ತದೆ ಎಂದೆ.

"ಹಂಗಾದ್ರೆ ರೂಮು ನಿಮ್ಮದೇ. ಇವತ್ತೇ ಬಂದ್ಬುಡಿ."

ಟ್ರಂಕು ಇಳಿಸಿದ ಸಂಜೆಯೇ ಗುಟ್ಟು ರಟ್ಟಾಯಿತು. ಹಿತ್ತಲಿನ ತಗಡಿನ ಶೆಡ್ಡಿಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ವಿಲಾಯಿತಿ ಕಾರಿತ್ತು, ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸಿನದು. ಹಾಸನದ ಕಡೆಯ ಪ್ಲಾಂಟರೊಬ್ಬರಿಂದ ಕೊಂಡದ್ದಂತೆ. ಅದರ ಜೊತೆಗೆ ಬಂದಿದ್ದ ಇಂಗ್ಲಿಷ್ ರಿಪೇರಿ ಪುಸ್ತಕ ಗ್ರೀಸಿನ ಬೆರಳಚ್ಚುಗಳಿಂದ ತುಂಬಿತ್ತು. ಚಿತ್ರಗಳನ್ನೆಲ್ಲ ಅವರು ಬಾಯಿಪಾಠ ಮಾಡಿಕೊಂಡಿದ್ದರು. ಅಕ್ಷರ ಮಾತ್ರ ಅವರಿಗೆ ಒಲಿದಿರಲಿಲ್ಲ. ಅಂದಿನಿಂದ ನಾನು ಅವರ ಕನ್ನಡದ ಪುಸ್ತಕವಾದೆ. ಸಂಜೆ ಜಗಲಿಯ ಮೇಲೆ ಕೂತು ನಾನು ಓದಿ ಹೇಳುವುದು, ಅವರು ಕಣ್ಣು ಮುಚ್ಚಿಕೊಂಡು ಕೇಳುವುದು. ಪೆಡಲ್ ಮೆತ್ತಗಾದರೆ ಪೈಪಿನಲ್ಲಿ ಗಾಳಿ ಸೇರಿದೆ ಎಂದು ಓದಿದರೆ, "ದನಕ್ಕೆ ಹೊಟ್ಟೆ ಉಬ್ಬರಿಸ್ದಂಗೆ, ಸರಿ, ಮುಂದಕ್ಕೋದಿ" ಎನ್ನುತ್ತಿದ್ದರು.

ಊರಿನಲ್ಲಿ ಗ್ಯಾರೇಜಿರಲಿಲ್ಲವೆಂದಲ್ಲ. ಇವರೇ ಹೋಗುತ್ತಿರಲಿಲ್ಲ. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, "ಗ್ಯಾರೇಜಿನೋರು ಕಾರು ನೋಡ್ತಾರೆ ಕಣ್ರೀ, ಒಳಗೆ ಕೂತಿರೋರನ್ನ ನೋಡಲ್ಲ" ಎಂದರು.

ಒಳಗೆ ಕೂರಬೇಕಾದವರು ಅವರ ಹೆಂಡತಿ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ನಾನು ಹೋಗುವುದಕ್ಕೆ ನಾಲ್ಕು ವರ್ಷ ಮುಂಚೆ ಅಟ್ಟದ ಮೇಲಿನ ಕಾಯಿ ತಿರುವಿ ಹಾಕಿ ಇಳಿಯುವಾಗ ಏಣಿ ಜಾರಿ ಬಿದ್ದು ಬೆನ್ನಿನ ಮೂಳೆಗೆ ಪೆಟ್ಟಾಗಿತ್ತು. ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತಿದ್ದರು, ಕೂತು ಸೊಪ್ಪು ಬಿಡಿಸುತ್ತಿದ್ದರು, ನನ್ನ ಸಾರನ್ನು ರುಚಿ ನೋಡಿ ನಗುತ್ತಿದ್ದರು. ಆದರೆ ಒಂದು ಕುಲುಕಾಟವನ್ನೂ ಆ ಬೆನ್ನು ತಡೆಯುತ್ತಿರಲಿಲ್ಲ. ಬಸ್ಸು ಹತ್ತಲೇಬಾರದೆಂದು ಬೆಂಗಳೂರಿನ ಡಾಕ್ಟರು ಹೇಳಿಬಿಟ್ಟಿದ್ದರು. ಅವರ ತವರು ಕಂದಿಕೆರೆ. ಇಪ್ಪತ್ತೈದು ಮೈಲಿ. ಅಲ್ಲಿ ಹಾಸಿಗೆ ಹಿಡಿದ ಮುದಿ ತಾಯಿ ಇದ್ದರು, ಕದಲಿಸಿ ಕರೆತರುವ ಸ್ಥಿತಿ ಇರಲಿಲ್ಲ. ತಾಯಿ ಬರುವಂತಿಲ್ಲ, ಮಗಳು ಹೋಗುವಂತಿಲ್ಲ. ನಾಲ್ಕು ವರ್ಷ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಹೆಂಡತಿಯನ್ನು ನೋಯಿಸದೆ ಕಂದಿಕೆರೆಗೆ ಕರೆದೊಯ್ಯಬೇಕು ಎನ್ನುವ ಒಂದೇ ಕಾರಣಕ್ಕೆ ಅವರು ಆ ಕಾರು ಕೊಂಡಿದ್ದರು.

ಸೋಮವಾರ ಈಶ್ವರನ ದಿನ, ಕಾರಿಗೆ ಕೈ ಹಾಕುತ್ತಿರಲಿಲ್ಲ. ಉಳಿದ ದಿನ ಕೊಬ್ಬರಿ ಮಂಡಿಯ ವ್ಯಾಪಾರ ಮುಗಿಸಿ ಬಂದು ಒಂದು ಗಂಟೆ, ಭಾನುವಾರ ಇಡೀ ದಿನ. ಬ್ರೇಕಿನ ಕೆಲಸಕ್ಕೆ ಇಬ್ಬರು ಬೇಕು. ಅವರು ಗಾಲಿ ಬಿಚ್ಚಿ, ಕೆಳಗೆ ಗೋಣಿತಾಟು ಹಾಸಿಕೊಂಡು ಮಲಗುತ್ತಿದ್ದರು. ಸಣ್ಣ ಮೊಳೆಯಂಥ ತಿರುಪಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಅದರ ಇನ್ನೊಂದು ತುದಿಯನ್ನು ಔಷಧದ ಸೀಸೆಯೊಳಗೆ ಇಳಿಬಿಡುತ್ತಿದ್ದರು. ನಾನು ಒಳಗೆ ಕೂತು ಪೆಡಲ್ ತುಳಿಯಬೇಕು.

"ಅದುಮಿ."

ಅದುಮುತ್ತಿದ್ದೆ.

"ಹಂಗೇ ಹಿಡ್ಕಳಿ." ಕೆಳಗೆ ತಿರುಪು ಸಡಿಲವಾಗಿ ಸೀಸೆಯಲ್ಲಿ ಬುಳುಬುಳು ಎಂದು ಗಾಳಿಯ ಗುಳ್ಳೆಗಳು ಬರುವ ಸದ್ದು. ಪೆಡಲ್ ಮೆಲ್ಲಗೆ ಕಾಲ ಕೆಳಗೆ ಇಳಿಯುತ್ತಿತ್ತು. ತಿರುಪು ಬಿಗಿಯಾದ ಮೇಲೆ, "ಬುಡಿ."

ಅದುಮಿ, ಹಿಡ್ಕಳಿ, ಬುಡಿ. ಎಷ್ಟು ಭಾನುವಾರ ಹೀಗೆ ಕಳೆದೆನೋ ಲೆಕ್ಕವಿಲ್ಲ. ಕಾರಿನ ಬಾನೆಟ್ ಆಚೆಗೆ ಶೆಡ್ಡಿನ ಗೋಡೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ, ಅವರ ಮುಖವೂ ಕಾಣುತ್ತಿರಲಿಲ್ಲ, ನೆಲದಿಂದ ಬರುವ ಆ ದನಿ ಮಾತ್ರ. ನಾನು ಆಗ ಬೇಸರದಿಂದ ಆಕಳಿಸಿದ್ದೂ ಉಂಟು, ಪರೀಕ್ಷೆಯ ಪೇಪರು ತಿದ್ದಬೇಕೆಂದು ಸುಳ್ಳು ಹೇಳಿ ತಪ್ಪಿಸಿಕೊಂಡದ್ದೂ ಉಂಟು. ಈಗ ಒಂದೇ ಒಂದು ಸಲ ಆ ದನಿ ಕೆಳಗಿನಿಂದ ಬರುವುದಾದರೆ ಇಡೀ ದಿನ ಕಾಲು ಒತ್ತಿಕೊಂಡೇ ಕೂತಿರುತ್ತೇನೆ.

ಬ್ರೇಕಿನ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು. ಬ್ರೇಕ್ ಎಣ್ಣೆಗೆ ತುಮಕೂರಿಗೇ ಹೋಗಿ ಸೀಲು ಒಡೆಯದ ಡಬ್ಬ ತರುತ್ತಿದ್ದರು. ಕಾರು ನಿಂತರೆ ಅವರಿಗೆ ಸಾಲದು, ನಿಂತದ್ದು ಕೂತವರಿಗೆ ಗೊತ್ತಾಗಬಾರದು. ಒಂದು ಗಾಲಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮುಂಚೆ ಹಿಡಿದರೂ ಮತ್ತೆ ಬಿಚ್ಚುತ್ತಿದ್ದರು.

ಗಾಲಿ ಗುಂಡಿಗೆ ಬಿದ್ದಾಗಿನ ಪೆಟ್ಟು ನುಂಗುವುದು ಶಾಕ್ ಅಬ್ಸಾರ್ಬರಿನ ಕೆಲಸ. ಆ ಕಾರಿನಲ್ಲಿ ಅದು ಒಂದು ಕಬ್ಬಿಣದ ಗಡಿಗೆ, ಅದರೊಳಗೆ ಎಣ್ಣೆ, ಪಕ್ಕದಲ್ಲೊಂದು ತೋಳು. ತೋಳು ಎಣ್ಣೆಯಲ್ಲಿ ತೀರ ಸಡಿಲವೂ ಆಗದೆ, ತೀರ ಬಿಗಿಯೂ ಆಗದೆ ಹದವಾಗಿ ಆಡಿದರೆ ಕಾರು ಮೆತ್ತಗೆ ಹೋಗುತ್ತದೆ. ಅದನ್ನು ಪರೀಕ್ಷೆ ಮಾಡಲು ಅವರು ಕಂಡುಕೊಂಡಿದ್ದ ವಿಧಾನ ಯಾವ ಪುಸ್ತಕದಲ್ಲೂ ಇರಲಿಲ್ಲ. ಕಂಠದವರೆಗೆ ನೀರಿರುವ ಎಳನೀರಿನ ತಲೆ ಕೆತ್ತಿ, ಹಿಂದಿನ ಸೀಟಿನಲ್ಲಿ ಅಕ್ಕ ಕೂರಬೇಕಾದ ಜಾಗದಲ್ಲಿ ಬಟ್ಟೆಯ ಸಿಂಬಿಯ ಮೇಲೆ ಇಡುವುದು. ಚಿಕ್ಕನಾಯಕನಹಳ್ಳಿ ರಸ್ತೆಯಲ್ಲಿ ಎರಡು ಮೈಲಿ ಹೋಗಿ ಬರುವುದು. ಬಂದ ಮೇಲೆ ನೀರೆಷ್ಟು ಉಳಿದಿದೆ ಎಂದು ಬೆರಳು ಇಳಿಸಿ ನೋಡುವುದು. ಮೊದಮೊದಲು ಮುಕ್ಕಾಲು ಪಾಲು ಚೆಲ್ಲಿ ಸೀಟು ಒದ್ದೆಯಾಗುತ್ತಿತ್ತು. ಅಕ್ಕ ಬಾಗಿಲಲ್ಲಿ ನಿಂತು, "ಏನ್ರೀ, ನನ್ನ ಸವತಿ ಇವತ್ತೆಷ್ಟು ಅತ್ಲು?" ಎಂದು ಕೇಳುತ್ತಿದ್ದರು. ಉಳಿದದ್ದನ್ನು ಕುಡಿಯುವ ಹಕ್ಕು ನನ್ನದು. ಕಾರು ಸರಿಹೋದ ಹಾಗೆಲ್ಲ ನನಗೆ ಕುಡಿಯಲು ಹೆಚ್ಚು ಸಿಗುತ್ತಿತ್ತು.

ಆ ವರ್ಷದ ದೀಪಾವಳಿಯ ಹೊತ್ತಿಗೆ ಕಂದಿಕೆರೆಯಿಂದ ಯಾರೋ ಬಂದು, ಮುದುಕಮ್ಮನ ಕಣ್ಣು ಬರಬರುತ್ತಾ ಮಂಜಾಗುತ್ತಿದೆ, ಇದು ಪೊರೆಯಲ್ಲ, ನರದ ದೋಷ, ಆಪರೇಷನ್ನಿಗೆ ಬಗ್ಗುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ ಎಂದರು. "ಕಾಣೋ ಹೊತ್ನಾಗೆ ಒಂದ್ಸಲ ಮಗಳ ಮುಖ ತೋರ್ಸಿ ಅಂತ ಕೇಳ್ತಾವ್ರೆ" ಎಂದರು. ಅಕ್ಕ ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಅದೇ ಹೊತ್ತಿಗೆ ನಾಲ್ಕೂ ಶಾಕ್ ಅಬ್ಸಾರ್ಬರುಗಳನ್ನು ಬಿಚ್ಚಿ ಸೀಲು ಬದಲಾಯಿಸಿದ್ದರಿಂದ ಒಳಗಿನ ಎಣ್ಣೆಯೆಲ್ಲ ಹೋಗಿತ್ತು. ಪ್ಲಾಂಟರು ಕೊಟ್ಟಿದ್ದ ಡಬ್ಬ ಬರಿದಾಗಿತ್ತು. ಬೆಂಗಳೂರಿನ ಅಂಗಡಿಗೆ ಬರೆದರೆ ಸ್ಟಾಕಿಲ್ಲ ಎಂದು ಉತ್ತರ. ಇಂಜಿನ್ ಎಣ್ಣೆ ಹಾಕಿ ನೋಡಿದೆವು. ಅದು ತೀರ ಮಂದವಾಗಿ, ತೋಳು ಬಿಗಿದುಕೊಂಡು ಅರ್ಧ ಎಳನೀರು ಚೆಲ್ಲಿತು. ಆಗ ನಾನು ಬಾಯಿ ಹಾಕಿದೆ. ಕೊಬ್ಬರಿ ಎಣ್ಣೆ ಹಾಕಬಾರದೇಕೆ ಎಂದೆ.

ಅವರು ಹಿಂದೆಮುಂದೆ ನೋಡಿದರು. "ಪುಸ್ತಕದಾಗೆ ಏನೈತೆ?"

ಬೇರೆ ಯಾವ ಎಣ್ಣೆಯನ್ನೂ ಹಾಕಕೂಡದೆಂದು ಪುಸ್ತಕದಲ್ಲಿ ಸ್ಪಷ್ಟವಾಗಿ ಇತ್ತು. ನಾನು ಅದನ್ನು ಓದಿ, "ಇದು ಕಂಪನಿಯವರು ತಮ್ಮ ಡಬ್ಬ ಮಾರೋಕೆ ಬರ್ಕೊಂಡಿರೋದು. ದ್ರವ ಅಂದ್ರೆ ದ್ರವ, ವಿಜ್ಞಾನಕ್ಕೆ ಯಾವುದಾದ್ರೂ ಒಂದೇ" ಎಂದು ಪಾಠ ಮಾಡುವ ಧಾಟಿಯಲ್ಲಿ ಹೇಳಿದೆ. ನನಗೆ ಆಗ ಇಪ್ಪತ್ತಾರು ವರ್ಷ. ಆ ವಯಸ್ಸಿನ ವಿಜ್ಞಾನದ ಮೇಷ್ಟ್ರಿಗೆ ಗೊತ್ತಿಲ್ಲದ್ದು ಯಾವುದಿದೆ. ಅವರು ನಂಬಿದರು. ಅಕ್ಷರ ಬಂದವನ ಮಾತನ್ನು ಅವರು ಯಾವತ್ತೂ ತೆಗೆದುಹಾಕಿದವರಲ್ಲ. ಗಾಣದಿಂದ ಹೊಸ ಎಣ್ಣೆ ತರಿಸಿ, ಬಟ್ಟೆಯಲ್ಲಿ ಸೋಸಿ ತುಂಬಿದೆವು.

ಅದು ಎಂಥಾ ಸೊಗಸು ಕೊಟ್ಟಿತು ಎಂದರೆ, ಮೂರು ಭಾನುವಾರದ ಮಧ್ಯಾಹ್ನ ಬಿಸಿಲಿನಲ್ಲಿ ಹೋಗಿ ಬಂದೆವು, ಮೂರು ಸಲವೂ ಎಳನೀರು ಒಂದು ಗುಟುಕಿಗಿಂತ ಹೆಚ್ಚು ಚೆಲ್ಲಲಿಲ್ಲ. ಮೂರನೆಯ ಸಲ ಅದನ್ನು ನನಗೆ ಕೊಡದೆ ಒಳಗೆ ಒಯ್ದು ಅಕ್ಕನ ಕೈಗೆ ಕೊಟ್ಟರು. "ಕುಡಿ. ಇದು ನೀನು ಹೋಗಿ ಬಂದಂಗೇಯ" ಎಂದರು. ಅಕ್ಕ ಕುಡಿದರು, ಸೀರೆ ಯಾವುದು ಉಡಬೇಕೆಂದು ಆ ಸಂಜೆಯೇ ತೆಗೆದಿಟ್ಟರು.

ಮುಂದಿನ ವಾರ ಹೊರಟದ್ದು ಬೆಳಕು ಹರಿಯುವ ಹೊತ್ತಿಗೆ. ಆಮೇಲಾದರೆ ರಸ್ತೆ ತುಂಬ ಲಾರಿ, ಎತ್ತಿನಗಾಡಿ. ಮಾರ್ಗಶಿರದ ಚಳಿ, ಬಾಯಿ ತೆರೆದರೆ ಹೊಗೆ. ಅಕ್ಕ ಹಿಂದೆ, ದಿಂಬುಗಳ ನಡುವೆ. ನಾನು ಮುಂದೆ. ಊರು ದಾಟಿದ ಕೂಡಲೇ ಮೊದಲ ಗುಂಡಿ. ಕಾರು ಒನಕೆಯ ಹಾಗೆ ಕುಟ್ಟಿತು. ಎರಡನೆಯದಕ್ಕೂ ಹಾಗೇ. ಅವರು ವೇಗ ಇಳಿಸಿದರು, ಮನುಷ್ಯ ನಡೆಯುವಷ್ಟಕ್ಕೆ ಇಳಿಸಿದರು. ಹಿಂದಿನಿಂದ ಒಂದು ಸದ್ದೂ ಇಲ್ಲ. ಅಕ್ಕ ನೋವು ತೋರಿಸಬಾರದೆಂದು ಸೆರಗನ್ನು ಬಾಯಿಗೆ ತುಂಬಿಕೊಂಡಿದ್ದರು. ನಾನು ತಿರುಗಿ ನೋಡಿದಾಗ ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ಮುಂದಕ್ಕೆ ಹೋಗಾಣ ಕಣ್ರೀ" ಎಂದರು. ಅವರು ನಾಲ್ಕನೆಯ ಮೈಲಿಯಲ್ಲಿ ಕಾರು ತಿರುಗಿಸಿದರು.

ಅಕ್ಕನನ್ನು ಮಂಚಕ್ಕೆ ಸೇರಿಸಿ ಬಂದು ಅವರು ಕಾರಿನ ಕೆಳಗೆ ನುಸುಳಿ ಗಡಿಗೆಯ ತಿರುಪು ಬಿಚ್ಚಿದರು. ಬೆರಳು ಹಾಕಿ ತೆಗೆದು ನನಗೆ ತೋರಿಸಿದರು. ಬೆರಳ ತುದಿಯಲ್ಲಿ ಬೆಳ್ಳಗೆ ಗಟ್ಟಿ ತುಪ್ಪದಂಥದ್ದು. ಎಣ್ಣೆ ರಾತ್ರಿಯ ಚಳಿಗೆ ಹೆಪ್ಪುಗಟ್ಟಿತ್ತು. ತೋಳು ಆಡುವುದಕ್ಕೆ ಒಳಗೆ ದ್ರವವೇ ಇರಲಿಲ್ಲ.

ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆಂದು ನಮ್ಮ ಸೀಮೆಯಲ್ಲಿ ಹಲ್ಲು ಬಾರದ ಕೂಸಿಗೂ ಗೊತ್ತು. ಹೊರಡುವ ಮುಂಚೆ ತಲೆಗೆ ಹಚ್ಚಿಕೊಳ್ಳಲು ನಾನೇ ಎಣ್ಣೆಯ ಸೀಸೆಯನ್ನು ಬಿಸಿನೀರಿನ ಚೊಂಬಿನಲ್ಲಿಟ್ಟು ಕರಗಿಸಿಕೊಂಡಿದ್ದೆ. ಅದೇ ಎಣ್ಣೆ ಶೆಡ್ಡಿನಲ್ಲಿ ನಿಂತ ಕಾರಿನೊಳಗೂ ಇದೆಯೆಂದು ಆ ತಲೆಗೆ ಹೊಳೆದಿರಲಿಲ್ಲ. ನನಗೆ ನಿಂತಲ್ಲೇ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ತಪ್ಪು ನನ್ನದು ಎಂದೆ, ಎರಡು ಸಲ ಎಂದೆ.

ಅವರು ಬೆರಳನ್ನು ಚಿಂದಿಗೆ ಒರೆಸಿಕೊಳ್ಳುತ್ತ, "ಮೂವತ್ತು ವರ್ಷದಿಂದ ಕೊಬ್ಬರಿ ಮಾರ್ತಾ ಇರೋನು ನಾನು. ನೀವು ಪಾಠ ಹೇಳೋರು. ಎಣ್ಣೆ ಗುಣ ನಂಗೊತ್ತಿರಬೇಕಾ, ನಿಮಗಾ?" ಎಂದರು. ಒಳಗೆ ಹೋಗಿ ಹೆಂಡತಿಗೆ ಹೇಳಿದ್ದು ನನಗೂ ಕೇಳಿಸಿತು. "ಮೇಷ್ಟ್ರು ಬೇಡಾ ಅಂದ್ರು ಕಣೇ. ನಾನೇ ಕೇಳಲಿಲ್ಲ." ಅಷ್ಟು ವರ್ಷದಲ್ಲಿ ನಾನು ಅವರ ಬಾಯಿಂದ ಕೇಳಿದ ಸುಳ್ಳು ಅದೊಂದೇ. ನಾನು ಬಾಗಿಲ ಹೊರಗೆ ನಿಂತಿದ್ದೆ. ಒಳಗೆ ಹೋಗಿ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಆ ಅಳುಕು ಇವತ್ತಿಗೂ ಹೋಗಿಲ್ಲ.

ಅಕ್ಕ ಒಂದು ತಿಂಗಳು ಮಲಗಿದರು. ಸರಿಯಾದ ಎಣ್ಣೆಗೆ ಅವರು ಬೊಂಬಾಯಿಯ ತನಕ ಹೇಳಿ ಕಳುಹಿಸಿದರು. ಕೊಬ್ಬರಿ ಕೊಳ್ಳುವ ಅಲ್ಲಿನ ಸೇಠರೊಬ್ಬರು ಹುಡುಕಿ, ವಾಪಸು ಬರುವ ಲಾರಿಯಲ್ಲಿ ಎರಡು ಡಬ್ಬ ಕಳಿಸಿದರು. ಅದು ಬಂದು ಸೇರುವಷ್ಟರಲ್ಲಿ ಕಂದಿಕೆರೆಯಿಂದ ಇನ್ನೊಂದು ಸುದ್ದಿ ಬಂತು. ಮುದುಕಮ್ಮನಿಗೆ ಈಗ ಹಗಲು ರಾತ್ರಿಯ ವ್ಯತ್ಯಾಸವೂ ಗೊತ್ತಾಗುವುದಿಲ್ಲ.

"ಇನ್ಯಾಕೆ ಹೋಗೋದು, ಬುಡಿ" ಎಂದರು ಅಕ್ಕ. ಕಾರು ಎಂದರೆ ಸಾಕು, ಅಕ್ಕನ ಮೈ ಸೆಟೆದುಕೊಳ್ಳುತ್ತಿತ್ತು.

ಅವರು ಒತ್ತಾಯ ಮಾಡಲಿಲ್ಲ. ಕೊಬ್ಬರಿಯವರಿಗೆ ಕಾಯುವುದು ಬರುತ್ತದೆ. ಒಂದು ಸಂಜೆ, "ಕಾರು ಹೊರಡಾಕಿಲ್ಲ. ಸುಮ್ನೆ ಬಂದು ಕೂತ್ಕೊ" ಎಂದರು. ಶೆಡ್ಡಿನೊಳಗೆ ನಿಂತ ಕಾರಿನಲ್ಲಿ ಅಕ್ಕ ಹಿಂದೆ ಕೂತರು, ಅವರು ಮುಂದೆ ಕೂತರು, ಮಂಡಿಯ ಸುದ್ದಿ ಮಾತಾಡಿ ಎದ್ದು ಬಂದರು. ನಾಲ್ಕು ಸಂಜೆ ಹಾಗೆ. ಐದನೆಯ ಸಂಜೆ ಕಾರನ್ನು ಬಾಗಿಲ ತನಕ ಉರುಳಿಸಿದರು. ಆಮೇಲೆ ಬೀದಿಯ ಕೊನೆಗೆ. ಆಮೇಲೆ ಕೆರೆ ಏರಿಗೆ. ಪ್ರತಿ ದಿನ ಇಳಿಯುವಾಗ ಅಕ್ಕನ ಮುಖ ನೋಡುತ್ತಿದ್ದರು, ಏನೂ ಕೇಳುತ್ತಿರಲಿಲ್ಲ. ಪ್ರೀತಿ ಎಂಬ ಮಾತನ್ನು ಆ ಮನೆಯಲ್ಲಿ ನಾನು ಯಾವತ್ತೂ ಕೇಳಲಿಲ್ಲ. ಆದರೆ ಈ ವಯಸ್ಸಿನಲ್ಲಿ ಯಾರಾದರೂ ಆ ಮಾತನ್ನೆತ್ತಿದರೆ ನನ್ನ ಕಣ್ಣ ಮುಂದೆ ಬರುವುದು ಶೆಡ್ಡಿನಲ್ಲಿ ನಿಂತೇ ಇರುವ ಕಾರು, ಅದರೊಳಗೆ ಮಾತಾಡುತ್ತ ಕೂತ ಅವರಿಬ್ಬರು. ನನ್ನ ಹೆಂಡತಿಗಾಗಿ ನಾನು ಹಾಗೆ ಕಾದದ್ದಿಲ್ಲ. ಅವರನ್ನು ನೆನೆದಾಗಲೆಲ್ಲ ಹಂಬಲದ ಜೊತೆಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಯಿತು. ಅದರ ಮಾರನೆಯ ವಾರ, ಬಿಸಿಲೇರಿದ ಮೇಲೆ, ಅಕ್ಕ ತಾವಾಗಿಯೇ ಬಂದು, "ನಡೀರಿ, ಹೋಗಾಣ" ಎಂದರು.

ಇಪ್ಪತ್ತೈದು ಮೈಲಿಗೆ ಮೂರು ಗಂಟೆ ತೆಗೆದುಕೊಂಡೆವು. ಸೈಕಲ್ಲಿನವರು ನಮ್ಮನ್ನು ದಾಟಿಕೊಂಡು ಹೋಗುತ್ತ ನಕ್ಕರು. ಸ್ಟೀರಿಂಗ್ ಹಿಡಿದ ಅವರು ರಸ್ತೆಯ ಪ್ರತಿ ಗುಂಡಿಯನ್ನೂ ದೂರದಿಂದಲೇ ನೋಡಿ, ಗಾಲಿಯನ್ನು ಅದರೊಳಗೆ ಇಳಿಸಿ, ಎತ್ತಿ, ಮುಂದೆ ಹೋಗುತ್ತಿದ್ದರು. ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ ಹಿಂದಿನಿಂದ ಅಕ್ಕ, ಇದು ಇಂಥವರ ತೋಟ, ಇದು ಇಂಥವರ ಬಾವಿ ಎಂದು ತೋರಿಸಲು ಶುರುಮಾಡಿದರು. ಆ ದನಿಯಲ್ಲಿ ನೋವಿರಲಿಲ್ಲ. ಆಗ ಮಾತ್ರ ಅವರು ನನ್ನ ಕಡೆ ತಿರುಗಿ ಒಂದು ಸಲ ತಲೆಯಾಡಿಸಿದರು.

ಕಂದಿಕೆರೆಯ ಮನೆಯ ಮುಂದೆ ಕಾರು ನಿಂತದ್ದು ನನಗೂ ಗೊತ್ತಾಗಲಿಲ್ಲ. ಅಕ್ಕ ಯಾರ ಕೈಯನ್ನೂ ಹಿಡಿಯದೆ ಇಳಿದು ಒಳಗೆ ಹೋದರು. ನಾವಿಬ್ಬರೂ ಜಗಲಿಯ ಮೇಲೆ ಕೂತೆವು. ತೆರೆದ ಬಾಗಿಲಿನಿಂದ ನಡುಮನೆಯ ಮಂಚ ಕಾಣುತ್ತಿತ್ತು.

"ಯಾರದು?" ಎಂದರು ಮುದುಕಮ್ಮ.

"ನಾನು ಕಣವ್ವಾ."

ಮುದುಕಮ್ಮನ ಕೈ ಗಾಳಿಯಲ್ಲಿ ಹುಡುಕಿ, ಮಗಳ ಹಣೆ, ಮೂಗು, ಗಲ್ಲ ಮುಟ್ಟಿತು. ಆಮೇಲೆ ಹೆಗಲು ದಾಟಿ ಬೆನ್ನಿಗಿಳಿದು ಪೆಟ್ಟಾಗಿದ್ದ ಜಾಗದಲ್ಲಿ ನಿಂತಿತು. ಮಾರ್ಗಶಿರದಲ್ಲೇ ಬಂದಿದ್ದರೆ ಆ ಕಣ್ಣು ಕಾಣುತ್ತಿತ್ತು. ನನಗೆ ತಲೆಯೆತ್ತಲಾಗಲಿಲ್ಲ.

"ಈ ಬೆನ್ನಿಟ್ಕಂಡು ಬಸ್ಸಲ್ಲಿ ಬಂದ್ಯಾ ಮಗಳೇ?"

"ಬಸ್ಸಲ್ಲ ಕಣವ್ವಾ. ನಿನ್ನ ಅಳಿಯ ಎತ್ಕಂಡು ಬಂದ್ರು."

ಮುದುಕಮ್ಮ ಆ ಬೆನ್ನನ್ನು ಸವರಿದರು. "ತಿಪಟೂರಿಂದ್ಲಾ?"

"ಹೂಂ. ತಿಪಟೂರಿಂದ."

"ಅಯ್ಯೋ ಶಿವನೇ. ಕೈ ಎಷ್ಟು ನೋಯ್ತಾವೋ ಏನೋ. ಒಳೀಕೆ ಕರಿಯೇ ಅವರನ್ನ."

ಅಕ್ಕ ಬಾಗಿಲ ಕಡೆ ನೋಡಿದರು. ಅವರು ಜಗಲಿಯಿಂದ ಆಗಲೇ ಎದ್ದು, ಮುಖ ಬೀದಿಯ ಕಡೆ ಮಾಡಿಕೊಂಡು ನಿಂತಿದ್ದರು. ಕರೆದರೂ ತಿರುಗಲಿಲ್ಲ.

"ನೋಯಾಕಿಲ್ಲ ಅಂತ ಹೇಳಿ ಮೇಷ್ಟ್ರೇ" ಎಂದರು. "ನಾನು ಒಂದೀಟು ಹೊತ್ತು ಬುಟ್ಟು ಬತ್ತೀನಿ."

ನಾನು ಒಳಗೆ ಹೋಗಿ ಹೇಳಿದೆ.